ಎರಡು ಗಣಕಯಂತ್ರಗಳ ನಡುವೆ ಯಾವ ಕೇಬಲ್? ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಇಂದು ನನಗೆ ವಹಿಸಿರುವ ವಿಷಯ ಕೇಳುವುದಕ್ಕೆ ಬಹಳ ಸಣ್ಣದು. ಕಚೇರಿಯಲ್ಲಿರುವ ಎರಡು ಗಣಕಯಂತ್ರಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬೇಕಾದಾಗ ಯಾವ ಕೇಬಲ್ ಆರಿಸಬೇಕು ಎಂಬುದಷ್ಟೇ. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ಚರ್ಚೆಗೇ ಸಭೆಯ ಸಮಯ ಸಾಲದಿರುವಾಗ ಕೇಬಲ್ಲಿನ ಮಾತೇಕೆ, ಇದು ಡಾಟಾ ಎಂಟ್ರಿ ಆಪರೇಟರ್ ನೋಡಿಕೊಳ್ಳಬೇಕಾದ ಕೆಲಸವಲ್ಲವೇ ಎಂದು ತಮಗೆ ಅನಿಸಬಹುದು. ಅದು ಸಹಜವೇ. ಆದರೆ ಆ ಕೇಬಲ್ಲಿನ ಬಿಲ್ಲು ತಮ್ಮ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಅದರ ಮೂಲಕ ಹರಿದು ಹೋಗುವ ಮಾಹಿತಿ ತಮ್ಮ ವಾರ್ಡಿನ ಜನರದ್ದು. ಹಣಕ್ಕೂ ಮಾಹಿತಿಗೂ ಉತ್ತರದಾಯಿಗಳು ತಾವು. ಆದ್ದರಿಂದ ಈ ವಿಷಯವನ್ನು ತಾವು ಅರಿತಿರುವುದು ಅಗತ್ಯ.

ಮೊದಲು ನಮ್ಮ ಕಚೇರಿಯ ಯಂತ್ರದಲ್ಲಿ ಏನಿದೆ ಎಂಬುದನ್ನು ನೋಡೋಣ. ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳಲ್ಲಿ ದಾಖಲಿಸಿದ ವಿವರಗಳು ಕಚೇರಿಯ ಮೇಜಿನ ಮೇಲಿರುವ ಯಂತ್ರದಲ್ಲಿ ಉಳಿಯುವುದಿಲ್ಲ. ಅವು ರಾಜ್ಯಮಟ್ಟದ ಸರ್ವರ್‌ಗಳಲ್ಲಿ ಇರುತ್ತವೆ. ಯಂತ್ರ ಕೆಟ್ಟರೂ ಅವು ಹೋಗುವುದಿಲ್ಲ. ಆದರೆ ಸಭಾ ನಡವಳಿಗಳ ಕರಡು, ಹಳೆಯ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿದ ಪುಟಗಳು, ಕಾಮಗಾರಿಗಳ ಛಾಯಾಚಿತ್ರಗಳು, ಫಲಾನುಭವಿಗಳು ಕೊಟ್ಟ ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳು, ವರ್ಷಗಳ ಪತ್ರವ್ಯವಹಾರ, ಇವೆಲ್ಲವೂ ಬಹುಪಾಲು ಆ ಒಂದೇ ಯಂತ್ರದ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಇವಕ್ಕೆ ಬೇರೆ ನಕಲು ಇರುವುದು ಅಪರೂಪ. ಹಳೆಯ ಯಂತ್ರವನ್ನು ಬದಲಿಸುವ ದಿನ ಇವೆಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಲೇಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಅಂತಹ ದಿನ ಅನೇಕ ಕಚೇರಿಗಳಿಗೆ ದೂರವಿಲ್ಲ.

ಸಾಗಿಸುವ ದಾರಿಗಳು ಹಲವು. ಪೆನ್ ಡ್ರೈವ್ ಬಳಸಬಹುದು. ಆದರೆ ಅದು ಕಳೆದುಹೋಗಬಹುದು, ಯಾರದೋ ಜೇಬಿನಲ್ಲಿ ಊರು ಸುತ್ತಬಹುದು, ಒಂದು ಯಂತ್ರದ ವೈರಸ್ಸನ್ನು ಇನ್ನೊಂದಕ್ಕೆ ಹೊತ್ತು ತರಬಹುದು. ಅಂತರ್ಜಾಲದ ಮೂಲಕ ಕಳುಹಿಸಬಹುದು. ಆದರೆ ನೂರಾರು ಕುಟುಂಬಗಳ ಆಧಾರ್ ಪ್ರತಿಗಳನ್ನು ಒಬ್ಬ ನೌಕರರ ಖಾಸಗಿ ಮಿಂಚಂಚೆಯ ಖಾತೆಗೆ ಏರಿಸುವುದು ಒಪ್ಪತಕ್ಕ ಕ್ರಮವಲ್ಲ. ಜೊತೆಗೆ ದೊಡ್ಡ ಗಾತ್ರದ ಕಡತಗಳಿಗೆ ನಮ್ಮ ಸಂಪರ್ಕದ ವೇಗ ಸಾಲುವುದಿಲ್ಲ. ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿರುವಾಗ ಅವುಗಳ ನಡುವೆ ಒಂದು ಕೇಬಲ್ ಹಾಕಿ ಪ್ರತಿ ಮಾಡಿಕೊಂಡರೆ ಮಾಹಿತಿ ಆ ಕೋಣೆಯ ಹೊಸಿಲು ದಾಟುವುದಿಲ್ಲ. ಇದೇ ನೇರ ಜೋಡಣೆಯ ಮುಖ್ಯ ಲಾಭ.

ಕೇಬಲ್ಲಿನ ಒಳಗೆ ಏನಿದೆ?

ನಾವು ಸಾಮಾನ್ಯವಾಗಿ ಲ್ಯಾನ್ ಕೇಬಲ್ ಎಂದು ಕರೆಯುವ ಕೇಬಲ್ಲಿನ ಹೊರ ಸಿಪ್ಪೆಯನ್ನು ಸೀಳಿದರೆ ಎಂಟು ತೆಳುವಾದ ತಂತಿಗಳು ಕಾಣುತ್ತವೆ. ಅವು ಹಗ್ಗ ಹೊಸೆದಂತೆ ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಕಿತ್ತಳೆ, ಹಸಿರು, ನೀಲಿ, ಕಂದು ಎಂಬ ನಾಲ್ಕು ಬಣ್ಣದ ತಂತಿಗಳು. ಪ್ರತಿಯೊಂದಕ್ಕೂ ಅದೇ ಬಣ್ಣದ ಗೆರೆಯುಳ್ಳ ಒಂದು ಬಿಳಿ ತಂತಿ ಜೊತೆ. ಹೀಗೆ ಹೊಸೆಯುವುದು ಅಂದಕ್ಕಾಗಿ ಅಲ್ಲ. ಜೋಡಿಯ ಎರಡೂ ತಂತಿಗಳು ಒತ್ತಾಗಿ ಸುತ್ತಿಕೊಂಡಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಯಂತ್ರವು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಆ ಗದ್ದಲ ತಾನೇ ಕಳೆದುಹೋಗುತ್ತದೆ. ಕೇಬಲ್ಲಿನ ಎರಡೂ ತುದಿಗಳಲ್ಲಿ ಎಂಟು ಹಲ್ಲುಗಳ ಪಾರದರ್ಶಕ ಪ್ಲಗ್ಗು ಇರುತ್ತದೆ. ಅಂಗಡಿಯಲ್ಲಿ ಇದನ್ನು ಆರ್‌ಜೆ 45 ಎನ್ನುತ್ತಾರೆ.

ಈ ಎಂಟು ತಂತಿಗಳನ್ನು ಪ್ಲಗ್ಗಿನೊಳಗೆ ಕೂರಿಸುವುದಕ್ಕೆ ಎರಡು ಮಾನ್ಯ ಕ್ರಮಗಳಿವೆ. ಒಂದರ ಹೆಸರು ಟಿ568ಎ, ಇನ್ನೊಂದರ ಹೆಸರು ಟಿ568ಬಿ. ಬಿ ಕ್ರಮದಲ್ಲಿ ಒಂದರಿಂದ ಎಂಟರವರೆಗೆ ಬಣ್ಣಗಳು ಹೀಗಿರುತ್ತವೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎ ಕ್ರಮದಲ್ಲಿ ಕಿತ್ತಳೆ ಜೋಡಿಯ ಜಾಗಕ್ಕೆ ಹಸಿರು ಜೋಡಿ, ಹಸಿರಿನ ಜಾಗಕ್ಕೆ ಕಿತ್ತಳೆ ಬರುತ್ತದೆ. ನೀಲಿ ಮತ್ತು ಕಂದು ಇದ್ದಲ್ಲಿಯೇ ಇರುತ್ತವೆ. ಎರಡೂ ತುದಿಗಳಲ್ಲಿ ಒಂದೇ ಕ್ರಮವಿದ್ದರೆ ಅದು ಸ್ಟ್ರೈಟ್ ಕೇಬಲ್. ಒಂದು ತುದಿಯಲ್ಲಿ ಎ, ಇನ್ನೊಂದು ತುದಿಯಲ್ಲಿ ಬಿ ಇದ್ದರೆ ಅದು ಕ್ರಾಸ್ ಕೇಬಲ್.

ಕೈಯಲ್ಲಿರುವ ಕೇಬಲ್ ಯಾವುದೆಂದು ತಿಳಿಯಲು ಉಪಕರಣವೇನೂ ಬೇಕಿಲ್ಲ. ಎರಡೂ ತುದಿಗಳ ಪ್ಲಗ್ಗುಗಳನ್ನು ಪಕ್ಕಪಕ್ಕದಲ್ಲಿ, ಚಿಮ್ಮುವ ಕೊಂಡಿ ಹಿಂಬದಿಗೆ ಬರುವಂತೆ ಹಿಡಿದು ಎಡದಿಂದ ಬಲಕ್ಕೆ ಬಣ್ಣ ನೋಡಿದರೆ ಸಾಕು. ಎರಡೂ ಒಂದೇ ಸಮನಾಗಿದ್ದರೆ ಸ್ಟ್ರೈಟ್. ಕಿತ್ತಳೆ ಮತ್ತು ಹಸಿರು ಸ್ಥಾನ ಬದಲಿಸಿಕೊಂಡಿದ್ದರೆ ಕ್ರಾಸ್.

ಎರಡು ಬಗೆ ಏಕೆ ಬೇಕಾಯಿತು?

ಸೆಕೆಂಡಿಗೆ 10 ಮತ್ತು 100 ಮೆಗಾಬಿಟ್ ವೇಗದ ಹಳೆಯ ಜಾಲಗಳಲ್ಲಿ ನಾಲ್ಕು ಜೋಡಿಗಳ ಪೈಕಿ ಎರಡು ಮಾತ್ರ ಕೆಲಸ ಮಾಡುತ್ತಿದ್ದವು. ಗಣಕಯಂತ್ರವು 1 ಮತ್ತು 2ನೆಯ ಹಲ್ಲುಗಳ ಮೂಲಕ ಮಾತನಾಡುತ್ತಿತ್ತು, 3 ಮತ್ತು 6ನೆಯ ಹಲ್ಲುಗಳ ಮೂಲಕ ಕೇಳಿಸಿಕೊಳ್ಳುತ್ತಿತ್ತು. ಅದರ ಎದುರಿಗೆ ಕೂರುವ ಸ್ವಿಚ್ ಎಂಬ ಪೆಟ್ಟಿಗೆಯನ್ನು ಇದಕ್ಕೆ ತಿರುಗುಮುರುಗಾಗಿ ರೂಪಿಸಲಾಗಿತ್ತು. ಯಂತ್ರದ ಬಾಯಿಯ ಎದುರಿಗೆ ಸ್ವಿಚ್ಚಿನ ಕಿವಿ, ಸ್ವಿಚ್ಚಿನ ಬಾಯಿಯ ಎದುರಿಗೆ ಯಂತ್ರದ ಕಿವಿ. ಆದ್ದರಿಂದ ಯಂತ್ರ ಮತ್ತು ಸ್ವಿಚ್ಚಿನ ನಡುವೆ ಸ್ಟ್ರೈಟ್ ಕೇಬಲ್ ಸಾಕಾಗುತ್ತಿತ್ತು.

ಆದರೆ ಸ್ವಿಚ್ ಇಲ್ಲದೆ ಎರಡು ಗಣಕಯಂತ್ರಗಳನ್ನು ನೇರವಾಗಿ ಜೋಡಿಸಿದಾಗ ಬಾಯಿಯ ಎದುರಿಗೆ ಬಾಯಿ, ಕಿವಿಯ ಎದುರಿಗೆ ಕಿವಿ ಬರುತ್ತಿತ್ತು. ಇಬ್ಬರೂ ಮಾತನಾಡುತ್ತಿದ್ದರು, ಇಬ್ಬರಿಗೂ ಏನೂ ಕೇಳಿಸುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಲು ಕೇಬಲ್ಲಿನೊಳಗೇ ಜೋಡಿಗಳನ್ನು ಅದಲುಬದಲು ಮಾಡಿದರು. ಅದೇ ಕ್ರಾಸ್ ಕೇಬಲ್. ಎರಡು ಯಂತ್ರಗಳ ನೇರ ಜೋಡಣೆಗೆ ಕ್ರಾಸ್ ಕೇಬಲ್ಲೇ ಆಗಬೇಕು ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಆ ಕಾಲಕ್ಕೆ ಅದು ಸರಿಯಾದ ಮಾತೇ.

1999ರಲ್ಲಿ ತಾಮ್ರದ ತಂತಿಯ ಮೇಲೆ ಸೆಕೆಂಡಿಗೆ 1,000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ ವೇಗಕ್ಕೆ ಮಾನದಂಡ ಬಂದಿತು. ಇದರಲ್ಲಿ ನಾಲ್ಕೂ ಜೋಡಿಗಳು ಬಳಕೆಯಾಗುತ್ತವೆ. ಪ್ರತಿಯೊಂದು ಜೋಡಿಯಲ್ಲಿಯೂ ಎರಡೂ ದಿಕ್ಕಿನ ಸಂಕೇತಗಳು ಏಕಕಾಲಕ್ಕೆ ಹರಿಯುತ್ತವೆ. ಇದರ ಜೊತೆಜೊತೆಗೆ, ಎದುರಿನ ತುದಿಯನ್ನು ತಾನೇ ಪರೀಕ್ಷಿಸಿ ಅಗತ್ಯವಿದ್ದರೆ ಜೋಡಿಗಳನ್ನು ಒಳಗೇ ಅದಲುಬದಲು ಮಾಡಿಕೊಳ್ಳುವ ಸಾಮರ್ಥ್ಯವೂ ಪೋರ್ಟುಗಳಿಗೆ ಬಂದಿತು. ಇದನ್ನು ಆಟೋ ಎಂಡಿಐ-ಎಕ್ಸ್ ಎನ್ನುತ್ತಾರೆ. ಇಂದು ದೊರೆಯುವ ಗಿಗಾಬಿಟ್ ಪೋರ್ಟುಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ಈ ಸಾಮರ್ಥ್ಯವಿದೆ. ಎರಡು ಯಂತ್ರಗಳ ಪೈಕಿ ಒಂದಕ್ಕೆ ಇದ್ದರೂ ಸಾಕು, ಜೋಡಣೆ ಸಾಧ್ಯವಾಗುತ್ತದೆ.

ಆದ್ದರಿಂದ ಆಯ್ಕೆಯ ನಿಯಮ ಇಷ್ಟು. ಎರಡು ಯಂತ್ರಗಳಲ್ಲಿ ಒಂದಾದರೂ ಗಿಗಾಬಿಟ್ ಪೋರ್ಟ್ ಹೊಂದಿದ್ದರೆ ಸಾಮಾನ್ಯ ಸ್ಟ್ರೈಟ್ ಕೇಬಲ್ ಸಾಕು. ಎರಡೂ 100 ಮೆಗಾಬಿಟ್ಟಿನ ಹಳೆಯ ಪೋರ್ಟುಗಳಾಗಿದ್ದರೆ ಮೊದಲು ಕಚೇರಿಯಲ್ಲಿರುವ ಸ್ಟ್ರೈಟ್ ಕೇಬಲ್ಲನ್ನೇ ಹಾಕಿ ನೋಡಬೇಕು; ಪೋರ್ಟಿನ ಬಳಿಯ ದೀಪ ಬೆಳಗದಿದ್ದರೆ ಮಾತ್ರ ಕ್ರಾಸ್ ಕೇಬಲ್ ಬೇಕು. ತಪ್ಪು ಬಗೆಯ ಕೇಬಲ್ ಹಾಕಿದರೆ ಯಂತ್ರ ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಜೋಡಣೆ ಆಗುವುದಿಲ್ಲ, ಅಷ್ಟೇ. ಯಂತ್ರದ ಪೋರ್ಟ್ ಯಾವ ವೇಗದ್ದೆಂದು ತಿಳಿಯಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಹೆಸರನ್ನು ನೋಡಬೇಕು. ಬಹುತೇಕ ಸಂದರ್ಭಗಳಲ್ಲಿ ಗಿಗಾಬಿಟ್ ಅಥವಾ ಫಾಸ್ಟ್ ಎತರ್ನೆಟ್ ಎಂದು ಆ ಹೆಸರಿನಲ್ಲಿಯೇ ಬರೆದಿರುತ್ತದೆ. ಎರಡನೆಯದು 100 ಮೆಗಾಬಿಟ್ಟಿನದು.

ಹೊಸ ಯಂತ್ರ ಖರೀದಿಸಿದ ಕಚೇರಿಯಲ್ಲಿ ವಿಶೇಷ ಕ್ರಾಸ್ ಕೇಬಲ್ ಎಂಬ ಬಾಬಿನಡಿ ಬಿಲ್ಲು ಬಂದರೆ, ಅದು ಏಕೆ ಬೇಕಾಯಿತೆಂದು ಕೇಳುವ ಹಕ್ಕು ತಮಗಿದೆ. ಸಮರ್ಪಕ ಕಾರಣ ಇರಬಹುದು, ಇಲ್ಲದಿರಬಹುದು. ಆದರೆ ಪ್ರಶ್ನೆ ಬರಬೇಕು.

ದರ್ಜೆ ಯಾವುದು?

ಕೇಬಲ್ಲುಗಳಿಗೆ ಕ್ಯಾಟ್ 5, ಕ್ಯಾಟ್ 5ಇ, ಕ್ಯಾಟ್ 6, ಕ್ಯಾಟ್ 6ಎ ಎಂದು ದರ್ಜೆಗಳಿವೆ. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ನಮಗೆ ಬೇಕಾದುದೆಷ್ಟು? ಗಿಗಾಬಿಟ್ ವೇಗಕ್ಕೆ ಕ್ಯಾಟ್ 5ಇ ಸಾಕು; ಅದು 100 ಮೀಟರ್ ದೂರದವರೆಗೆ ಆ ವೇಗವನ್ನು ಹೊರಬಲ್ಲದು. ಕ್ಯಾಟ್ 6 ಕೂಡ ಅದೇ ದೂರಕ್ಕೆ ಗಿಗಾಬಿಟ್ ನೀಡುತ್ತದೆ. ಹೆಚ್ಚಿನ ಅನುಕೂಲವೆಂದರೆ ಸುಮಾರು 55 ಮೀಟರಿನವರೆಗೆ 10 ಗಿಗಾಬಿಟ್ ವೇಗವನ್ನೂ ತಾಳಬಲ್ಲದು. ಕಟ್ಟಡದ ಗೋಡೆಯೊಳಗೆ ಹೊಸದಾಗಿ ಕೇಬಲ್ ಹಾಕಿಸುವುದಿದ್ದರೆ ಕ್ಯಾಟ್ 6 ಹಾಕಿಸುವುದು ಜಾಣತನ, ಏಕೆಂದರೆ ಗೋಡೆಯನ್ನು ಮತ್ತೆ ಮತ್ತೆ ಒಡೆಯಲಾಗದು. ಮೇಜಿನಿಂದ ಮೇಜಿಗೆ ಮೂರು ಮೀಟರ್ ಕೇಬಲ್ ಬೇಕಿದ್ದರೆ ಕ್ಯಾಟ್ 5ಇ ಧಾರಾಳ. ಕ್ಯಾಟ್ 8 ಎಂಬುದು ದತ್ತಾಂಶ ಕೇಂದ್ರಗಳಲ್ಲಿ 30 ಮೀಟರಿನೊಳಗಿನ ಅತಿವೇಗದ ಜೋಡಣೆಗಾಗಿ ರೂಪಿಸಿದ್ದು. ಅದನ್ನು ಪಂಚಾಯಿತಿ ಕಚೇರಿಗೆ ತರುವುದು ಓಣಿಯ ರಸ್ತೆಗೆ ಹೆದ್ದಾರಿಯ ಅಂದಾಜು ಪಟ್ಟಿ ಮಾಡಿದಂತೆ.

ವೇಗದ ವ್ಯತ್ಯಾಸ ಎಷ್ಟೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 50 ಜಿಬಿ ಗಾತ್ರದ ಕಡತಗಳನ್ನು ಸಾಗಿಸಬೇಕೆಂದು ಭಾವಿಸೋಣ. 100 ಮೆಗಾಬಿಟ್ ಜೋಡಣೆಯಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ ಹರಿಯುತ್ತದೆ. ಒಂದೂಕಾಲು ಗಂಟೆ ಹಿಡಿಯುತ್ತದೆ. ಗಿಗಾಬಿಟ್ ಜೋಡಣೆಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯಬಲ್ಲದು. ಎಂಟು ನಿಮಿಷಗಳಲ್ಲಿ ಮುಗಿಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಗಿದ್ದರೆ ಅಥವಾ ಸಾವಿರಾರು ಚಿಕ್ಕ ಚಿಕ್ಕ ಕಡತಗಳಿದ್ದರೆ ಇದಕ್ಕಿಂತ ಹೆಚ್ಚು ಸಮಯ ಬೇಕಾಗುವುದು. ವಿದ್ಯುತ್ ಯಾವಾಗ ಹೋಗುವುದೋ ತಿಳಿಯದ ಊರಿನಲ್ಲಿ ಒಂದೂಕಾಲು ಗಂಟೆಗೂ ಎಂಟು ನಿಮಿಷಕ್ಕೂ ಇರುವ ಅಂತರ ದೊಡ್ಡದು.

ತಾಮ್ರವೋ, ತಾಮ್ರದ ಲೇಪವೋ?

ಬಂಧುಗಳೇ, ಸ್ಟ್ರೈಟ್ ಅಥವಾ ಕ್ರಾಸ್ ಎಂಬ ಪ್ರಶ್ನೆಗಿಂತ ಇಂದು ಮುಖ್ಯವಾದ ಪ್ರಶ್ನೆ ಇದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಯೇ ಕೆಂಪಗೆ ಹೊಳೆಯುವುದೆಲ್ಲ ತಾಮ್ರವಲ್ಲ. ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ತಂತಿಗೆ ತೆಳುವಾಗಿ ತಾಮ್ರ ಹೊದಿಸಿದ ಕೇಬಲ್ಲುಗಳೂ ದೊರೆಯುತ್ತವೆ. ಇವನ್ನು ಸಿಸಿಎ ಎಂದು ಕರೆಯುತ್ತಾರೆ. ಇವುಗಳ ಹೊರ ಸಿಪ್ಪೆಯ ಮೇಲೆ ಕ್ಯಾಟ್ 6 ಎಂದು ಮುದ್ರಿಸಿದ್ದರೂ ಆ ದರ್ಜೆಯ ಮಾನದಂಡ ಇವನ್ನು ಒಪ್ಪುವುದಿಲ್ಲ. ಅದು ಪೂರ್ಣ ತಾಮ್ರದ ತಂತಿಯನ್ನೇ ಬಯಸುತ್ತದೆ.

ಕೊಳವೆಬಾವಿಯ ಪಂಪಿಗೆ ಹಾಕುವ ಕೇಬಲ್ಲಿನ ವಿಷಯದಲ್ಲಿ ತಮಗೆ ಇದರ ಅನುಭವವಿದ್ದೇ ಇದೆ. ಅದೇ ದಪ್ಪದ ಅಲ್ಯೂಮಿನಿಯಂ ತಂತಿ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲಾದ ತಡೆಯನ್ನು ವಿದ್ಯುತ್ತಿಗೆ ಒಡ್ಡುತ್ತದೆ. ಬಾಗಿಸಿದರೆ ಬೇಗ ತುಂಡಾಗುತ್ತದೆ. ಜೋಡಣೆಯ ಸ್ಥಳದಲ್ಲಿ ಗಾಳಿ ತಗುಲಿ ಸಂಪರ್ಕ ಸಡಿಲವಾಗುತ್ತದೆ. ಮೊದಲ ತಿಂಗಳು ಎಲ್ಲವೂ ಸರಿಯಾಗಿ ನಡೆದಂತೆ ಕಾಣಬಹುದು. ಬಳಿಕ ಜೋಡಣೆ ಆಗಾಗ ಕಡಿದುಹೋಗುತ್ತದೆ, ದೋಷ ಯಂತ್ರದ್ದೋ ತಂತ್ರಾಂಶದ್ದೋ ಎಂದು ಹುಡುಕುವುದರಲ್ಲಿ ದಿನಗಳು ಕಳೆಯುತ್ತವೆ. ಕೇಬಲ್ಲಿನ ಮೂಲಕವೇ ವಿದ್ಯುತ್ ಪಡೆಯುವ ಸಿಸಿ ಕ್ಯಾಮೆರಾಗಳಿಗೆ ಇಂತಹ ತಂತಿ ಬಳಸಿದರೆ ಅದು ಬಿಸಿಯೇರುವ ಅಪಾಯವೂ ಉಂಟು.

ಪರೀಕ್ಷೆ ಸುಲಭ. ತುಂಡು ತಂತಿಯೊಂದನ್ನು ತೆಗೆದುಕೊಂಡು ಬ್ಲೇಡಿನಿಂದ ಮೇಲ್ಮೈಯನ್ನು ಕೆರೆಯಬೇಕು. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಿಯ ಬಣ್ಣ ಕಂಡರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಾಮ್ರದ ಮೂರನೆಯ ಒಂದು ಭಾಗಕ್ಕಿಂತಲೂ ಹಗುರವಾದುದರಿಂದ, ಪೆಟ್ಟಿಗೆಯನ್ನು ಎತ್ತಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. ದರಪಟ್ಟಿ ಕೇಳುವಾಗ ಕೇವಲ ಲ್ಯಾನ್ ಕೇಬಲ್ ಎಂದು ಬರೆಯದೆ ‘ಪೂರ್ಣ ತಾಮ್ರದ ತಂತಿಯುಳ್ಳ, ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಕೇಬಲ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಹಾಗೆ ಬರೆದರೆ ಮಾತ್ರ ಕಳಪೆ ಮಾಲು ಬಂದಾಗ ಹಿಂದಿರುಗಿಸಲು ನಮಗೆ ಆಧಾರವಿರುತ್ತದೆ.

ಉದ್ದದ ಲೆಕ್ಕಕ್ಕೂ ಒಂದು ದಾರಿಯಿದೆ. ಉತ್ತಮ ಕೇಬಲ್ಲಿನ ಸಿಪ್ಪೆಯ ಮೇಲೆ ಮೀಟರ್ ಸಂಖ್ಯೆಯನ್ನು ಅನುಕ್ರಮವಾಗಿ ಮುದ್ರಿಸಿರುತ್ತಾರೆ. ಒಂದು ತುದಿಯ ಸಂಖ್ಯೆಯಿಂದ ಇನ್ನೊಂದು ತುದಿಯ ಸಂಖ್ಯೆಯನ್ನು ಕಳೆದರೆ ಹಾಕಿರುವ ಉದ್ದ ಸಿಗುತ್ತದೆ. ಪೂರ್ಣ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 305 ಮೀಟರ್ ಇರುತ್ತದೆ. ಬಿಲ್ಲಿನಲ್ಲಿ ತೋರಿಸಿದ ಉದ್ದವನ್ನು ಹೀಗೆ ಐದು ನಿಮಿಷದಲ್ಲಿ ತಾಳೆ ನೋಡಬಹುದು.

ಪ್ಲಗ್ಗು ಕೂರಿಸುವಾಗ

ಸಿದ್ಧ ಕೇಬಲ್ ಕೊಳ್ಳದೆ ಸ್ಥಳದಲ್ಲೇ ಪ್ಲಗ್ಗು ಕೂರಿಸುವವರು ಕೆಲವೊಮ್ಮೆ ಬಣ್ಣದ ಕ್ರಮವನ್ನು ಲೆಕ್ಕಿಸುವುದಿಲ್ಲ. ಎರಡೂ ಕಡೆ ಒಂದೇ ರೀತಿ ಇದ್ದರೆ ಆಯಿತೆಂದು ತಮಗೆ ತೋಚಿದ ಸಾಲಿನಲ್ಲಿ ತಂತಿ ತುರುಕುತ್ತಾರೆ. ಟೆಸ್ಟರ್ ಹಚ್ಚಿದರೆ ಎಂಟೂ ದೀಪಗಳು ಸರಿಯಾಗಿಯೇ ಬೆಳಗುತ್ತವೆ. ಆದರೂ ಅದು ತಪ್ಪು. 3 ಮತ್ತು 6ನೆಯ ಹಲ್ಲುಗಳಿಗೆ ಒಂದೇ ಜೋಡಿಯ ಎರಡು ತಂತಿಗಳು ಬರಬೇಕು. ಬೇರೆ ಬೇರೆ ಜೋಡಿಯ ತಂತಿಗಳು ಬಂದರೆ ಹೊಸೆದುದರ ಪ್ರಯೋಜನವೇ ಹೋಗುತ್ತದೆ. ಉದ್ದ ಹೆಚ್ಚಿದಂತೆ ಗದ್ದಲ ಸೇರಿ ಜೋಡಣೆ ಕುಂಟುತ್ತದೆ. ಆದ್ದರಿಂದ ದೀಪ ಬೆಳಗುವುದನ್ನಷ್ಟೇ ನಂಬದೆ ಬಣ್ಣದ ಕ್ರಮವನ್ನೂ ನೋಡಬೇಕು. ಪ್ಲಗ್ಗಿನ ಬಳಿ ಜೋಡಿಗಳನ್ನು ಬಿಡಿಸುವುದು ಸುಮಾರು ಅರ್ಧ ಅಂಗುಲವನ್ನು ಮೀರಬಾರದು. ಹೊರ ಸಿಪ್ಪೆ ಪ್ಲಗ್ಗಿನೊಳಕ್ಕೆ ಹೋಗಿ ಬಿಗಿಯಾಗಿ ಕೂತಿರಬೇಕು.

ಬಳಸಬಾರದ ಕೇಬಲ್ಲುಗಳು

ತುದಿ ಹೊಂದಿತೆಂಬ ಕಾರಣಕ್ಕೆ ಎಲ್ಲ ಕೇಬಲ್ಲೂ ಆಗುವುದಿಲ್ಲ. ದೂರವಾಣಿಯ ಕೇಬಲ್ಲಿನ ಪ್ಲಗ್ಗು ಚಿಕ್ಕದು, ತಂತಿಗಳೂ ಕಡಿಮೆ. ಅದು ಈ ಕೆಲಸಕ್ಕೆ ಬಾರದು. ಜಾಲ ಉಪಕರಣಗಳ ಜೊತೆ ಬರುವ ಚಪ್ಪಟೆಯಾದ ತಿಳಿನೀಲಿ ಕೇಬಲ್ ಆ ಉಪಕರಣವನ್ನು ಸಿದ್ಧಪಡಿಸುವುದಕ್ಕಾಗಿ ಇರುವಂಥದು; ಅದು ಕ್ರಾಸ್ ಕೇಬಲ್ ಅಲ್ಲ. ಎಚ್‌ಡಿಎಂಐ, ವಿಜಿಎ ಕೇಬಲ್ಲುಗಳು ಪರದೆಗೆ ಚಿತ್ರ ಒಯ್ಯುತ್ತವೆ, ಕಡತಗಳನ್ನಲ್ಲ. ಎರಡೂ ತುದಿಗಳಲ್ಲಿ ಒಂದೇ ಬಗೆಯ ಅಗಲವಾದ ಚಪ್ಪಟೆ ಯುಎಸ್‌ಬಿ ಪ್ಲಗ್ಗಿರುವ ಸಾಮಾನ್ಯ ಕೇಬಲ್ಲನ್ನು ಎರಡು ಯಂತ್ರಗಳ ನಡುವೆ ಹಾಕಲೇಬಾರದು. ಎರಡೂ ಯಂತ್ರಗಳು ಅದರೊಳಕ್ಕೆ 5 ವೋಲ್ಟ್ ವಿದ್ಯುತ್ ನೂಕುವುದರಿಂದ ಪೋರ್ಟಿಗೆ ಹಾನಿಯಾಗಬಹುದು. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಯಿಂದ ಲ್ಯಾನಿಗೆ ಬದಲಿಸುವ ಗಿಗಾಬಿಟ್ ಅಡಾಪ್ಟರ್ ಕೊಳ್ಳುವುದೇ ಸರಿಯಾದ ಕ್ರಮ.

ಸ್ಥಳದ ವಿಷಯದಲ್ಲಿಯೂ ಎಚ್ಚರ ಬೇಕು. ಪಂಚಾಯಿತಿ ಕಚೇರಿ ಒಂದು ಕಟ್ಟಡದಲ್ಲಿ, ಗ್ರಂಥಾಲಯ ಎದುರಿನ ಕಟ್ಟಡದಲ್ಲಿ ಇದ್ದರೆ ನಡುವೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯುವುದು ಕ್ಷೇಮವಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಆ ತಂತಿಯ ಮೂಲಕ ಎರಡೂ ಕಡೆಯ ಯಂತ್ರಗಳು ಹಾಳಾಗಬಹುದು. ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಅಥವಾ ನಿಸ್ತಂತು ಜೋಡಣೆ ಲೇಸು. ಕಟ್ಟಡದ ಒಳಗೂ ವಿದ್ಯುತ್ ತಂತಿಯ ಕೊಳವೆಯಲ್ಲಿಯೇ ಲ್ಯಾನ್ ಕೇಬಲ್ ತೂರಿಸಬಾರದು. ಕಚೇರಿಯಲ್ಲಿ ಮೂರು ಅಥವಾ ಹೆಚ್ಚು ಯಂತ್ರಗಳಿದ್ದು ದಿನವೂ ಕಡತ ಅಥವಾ ಮುದ್ರಣಯಂತ್ರ ಹಂಚಿಕೊಳ್ಳಬೇಕಿದ್ದರೆ ನೇರ ಜೋಡಣೆಯ ಮಾತನ್ನು ಬಿಟ್ಟು ಒಂದು ಚಿಕ್ಕ ಸ್ವಿಚ್ ಕೊಳ್ಳುವುದು ಸೂಕ್ತ.

ಜೋಡಿಸಿದ ಮೇಲೆ

ಕೇಬಲ್ ಹಾಕಿದ ಕೂಡಲೇ ಪೋರ್ಟಿನ ಬಳಿ ದೀಪ ಬೆಳಗಬೇಕು. ಬೆಳಗಿದರೆ ಕೇಬಲ್ಲಿನ ಆಯ್ಕೆ ಬಹುಮಟ್ಟಿಗೆ ಸರಿಯಾಗಿದೆ ಎಂದರ್ಥ. ಎರಡೂ ಗಿಗಾಬಿಟ್ ಪೋರ್ಟುಗಳಾಗಿದ್ದೂ ವೇಗ 100 ಮೆಗಾಬಿಟ್ ಎಂದು ತೋರಿಸಿದರೆ, ನೀಲಿ ಅಥವಾ ಕಂದು ಜೋಡಿಯಲ್ಲಿ ಎಲ್ಲೋ ತಂತಿ ಕಡಿದಿದೆ ಎಂದು ಶಂಕಿಸಬೇಕು. ಮುಂದೆ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಕೊಡಬೇಕು. ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಎಂದು ಕೊಟ್ಟರೆ ಸಾಕು. ಗೇಟ್‌ವೇ ಜಾಗವನ್ನು ಖಾಲಿ ಬಿಡಬಹುದು.

ಹಳೆಯ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ ದೀಪ ಬೆಳಗಿದರೂ ಹೊಸ ಯಂತ್ರದೊಡನೆ ಕಡತ ಹಂಚಿಕೆ ಆಗದಿರಬಹುದು. ಇದು ಕೇಬಲ್ಲಿನ ದೋಷವಲ್ಲ. ಎಕ್ಸ್‌ಪಿ ಬಳಸುವ ಹಳೆಯ ಹಂಚಿಕೆ ವಿಧಾನವನ್ನು ಹೊಸ ವಿಂಡೋಸ್ ಆವೃತ್ತಿಗಳು ಸುರಕ್ಷತೆಯ ಕಾರಣಕ್ಕೆ ಮುಚ್ಚಿಟ್ಟಿವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ದಾಳಿ ನುಸುಳಿದ್ದು ಆ ವಿಧಾನದ ದೋಷದ ಮೂಲಕವೇ. ಅದನ್ನು ಮತ್ತೆ ತೆರೆಯುವ ಬದಲು, ಅಂತಹ ಸಂದರ್ಭದಲ್ಲಿ ಕಚೇರಿಯದೇ ಆದ ಹೊರ ಹಾರ್ಡ್ ಡಿಸ್ಕ್ ಬಳಸಿ ಕಡತಗಳನ್ನು ಸಾಗಿಸುವುದು ಉತ್ತಮ. ಯಾವುದೇ ವಿಧಾನವಿರಲಿ, ಮೊದಲು ಹಳೆಯ ಯಂತ್ರವನ್ನು ವೈರಸ್ ತಪಾಸಣೆಗೆ ಒಳಪಡಿಸಬೇಕು. ಕೇಬಲ್ ಒಳ್ಳೆಯದನ್ನೂ ಸಾಗಿಸುತ್ತದೆ, ಕೆಟ್ಟದ್ದನ್ನೂ ಸಾಗಿಸುತ್ತದೆ.

ಸಾಗಿಸುವಾಗ ಕಡತಗಳನ್ನು ಕತ್ತರಿಸಿ ಅಂಟಿಸಬಾರದು. ಪ್ರತಿ ಮಾತ್ರ ಮಾಡಬೇಕು. ಎರಡೂ ಯಂತ್ರಗಳು ಯುಪಿಎಸ್ ಮೇಲಿರಬೇಕು. ಮುಗಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ತಾಳೆ ನೋಡಿ, ಹತ್ತಾರು ಕಡತಗಳನ್ನು ತೆರೆದು ಓದಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ನಡವಳಿಗಳು, ಆ ಅಕ್ಷರವಿನ್ಯಾಸ ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಅದನ್ನು ಅಳಿಸಿಬಿಡುವ ಅಪಾಯ ಇಲ್ಲಿದೆ. ಅಕ್ಷರವಿನ್ಯಾಸವನ್ನೂ ಹೊಸ ಯಂತ್ರದಲ್ಲಿ ಸ್ಥಾಪಿಸಿದರೆ ಅದೇ ಕಡತ ಸರಿಯಾಗಿ ಓದಲು ಸಿಗುತ್ತದೆ. ಕೆಲಸ ಮುಗಿದೊಡನೆ ಹಂಚಿಕೆಯನ್ನು ಮುಚ್ಚಬೇಕು. ಎಲ್ಲವೂ ಸರಿಯಿದೆ ಎಂದು ಖಚಿತವಾಗಿ, ಪ್ರತ್ಯೇಕ ನಕಲೊಂದು ಕಚೇರಿಯ ಬೀರುವಿನಲ್ಲಿ ಸೇರುವವರೆಗೆ ಹಳೆಯ ಯಂತ್ರವನ್ನು ವಿಲೇವಾರಿ ಮಾಡಬಾರದು. ವಿಲೇವಾರಿಗೆ ಮುನ್ನ ಅದರ ಹಾರ್ಡ್ ಡಿಸ್ಕನ್ನು ಪೂರ್ಣವಾಗಿ ಅಳಿಸಬೇಕು. ಇಲ್ಲವಾದರೆ ಗುಜರಿಯ ಜೊತೆಗೆ ಗ್ರಾಮದ ಜನರ ಆಧಾರ್ ಪ್ರತಿಗಳೂ ಮಾರಾಟವಾದಂತೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಇಷ್ಟನ್ನೂ ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕೇಬಲ್ಲಿನ ಬೇಡಿಕೆ ಅಥವಾ ಬಿಲ್ಲು ಮುಂದೆ ಬಂದಾಗ ಆರು ಪ್ರಶ್ನೆಗಳನ್ನು ಕೇಳಿದರೆ ಸಾಕು.

1. ಎರಡೂ ಯಂತ್ರಗಳ ಪೋರ್ಟ್ ಯಾವ ವೇಗದ್ದು? ಒಂದಾದರೂ ಗಿಗಾಬಿಟ್ ಆಗಿದ್ದರೆ ಸ್ಟ್ರೈಟ್ ಕೇಬಲ್ ಸಾಲದೇ?

2. ಕಚೇರಿಯಲ್ಲಿ ಈಗಾಗಲೇ ಇರುವ ಕೇಬಲ್ಲನ್ನು ಹಾಕಿ ನೋಡಲಾಗಿದೆಯೇ?

3. ದರಪಟ್ಟಿಯಲ್ಲಿ ಪೂರ್ಣ ತಾಮ್ರ ಎಂದು ಬರೆಯಲಾಗಿದೆಯೇ? ಬಂದ ಮಾಲನ್ನು ಕೆರೆದು ನೋಡಲಾಗಿದೆಯೇ?

4. ಬಿಲ್ಲಿನ ಉದ್ದಕ್ಕೂ ಕೇಬಲ್ಲಿನ ಮೇಲಿನ ಮೀಟರ್ ಸಂಖ್ಯೆಗೂ ತಾಳೆಯಾಗುತ್ತದೆಯೇ?

5. ಮಾಹಿತಿ ವರ್ಗಾವಣೆಯ ನಂತರ ಕಡತಗಳ ಸಂಖ್ಯೆಯನ್ನು ತಾಳೆ ನೋಡಿದವರು ಯಾರು? ಅದನ್ನು ಬರಹದಲ್ಲಿ ದಾಖಲಿಸಲಾಗಿದೆಯೇ?

6. ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಈಗ ಯಾರ ವಶದಲ್ಲಿದೆ?

ಈ ಪ್ರಶ್ನೆಗಳು ನೌಕರರ ಮೇಲಿನ ಅಪನಂಬಿಕೆಯಿಂದ ಹುಟ್ಟಿದವಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವ ಆಪರೇಟರಿಗೆ ಇವು ರಕ್ಷಣೆಯೇ ಹೌದು. ನಾಳೆ ಒಬ್ಬ ವೃದ್ಧೆ ಹತ್ತು ವರ್ಷದ ಹಿಂದಿನ ನಡವಳಿಯ ಪ್ರತಿ ಬೇಕೆಂದು ಕಚೇರಿಯ ಬಾಗಿಲಿಗೆ ಬಂದಾಗ, ಯಂತ್ರ ಬದಲಾಯಿಸುವಾಗ ಅದು ಹೋಯಿತು ಎಂಬ ಉತ್ತರ ಅವರಿಗೆ ಸಿಗಬಾರದು. ಸರಿಯಾದ ಕೇಬಲ್, ಸರಿಯಾದ ಕ್ರಮ, ಸಭೆಯಲ್ಲಿ ಸಕಾಲದಲ್ಲಿ ಕೇಳಿದ ಒಂದು ಪ್ರಶ್ನೆ, ಇವಿಷ್ಟಿದ್ದರೆ ಆ ಉತ್ತರದ ಅಗತ್ಯವೇ ಬೀಳುವುದಿಲ್ಲ.